ಬಾವ್ಯಾನ ಗಿಡ ಬಾವ್ಯಾಗ ಇರಲಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಯಲ್ಲಿ ಕುಂಡದೊಳಗೆ ಗಿಡ ಸಾಕುವ ಅಕ್ಕಂದಿರಿಗೆ, ಅಣ್ಣಂದಿರಿಗೆ, ಮಾಳಿಗೆ ಮೇಲೆ ತೋಟ ಮಾಡುವ ಮಾಸ್ತರರಿಗೆ, ಕ್ವಾರ್ಟರ್ಸಿನ ವರಾಂಡದಲ್ಲಿ ಹತ್ತು ಡಬ್ಬಿ ಇಟ್ಟುಕೊಂಡವರಿಗೆ, ಎಲ್ಲರಿಗೂ ಬರೆಯುತ್ತಿದ್ದೇನೆ.

ಪ್ರತಿ ವರ್ಷ ಏಪ್ರಿಲ್ ಮುಗಿಯುವ ಹೊತ್ತಿಗೆ ನಿಮ್ಮಲ್ಲಿ ಒಬ್ಬರಾದರೂ ನನ್ನನ್ನು ಸಂತೆಯಲ್ಲಿ ತಡೆದು ನಿಲ್ಲಿಸುತ್ತೀರಿ. "ಅಕ್ಕಾ, ಜರಿಗಿಡ ಸುಟ್ಟು ಹೋತ್ರೀ. ದಿನಾ ನೀರು ಹಾಕೀನಿ, ಆದ್ರೂ ಕರಕಲಾತು." ಕೈಯಲ್ಲಿ ಮೆಂತ್ಯಸೊಪ್ಪಿನ ಕಟ್ಟು ಹಿಡಿದುಕೊಂಡು ಹೇಳಿ ಮುಗಿಸುವಂಥ ಉತ್ತರ ಇದಕ್ಕಿಲ್ಲ. ಅದಕ್ಕೇ ಈ ಪತ್ರ.

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ನಾನು ನಾಲ್ಕು ಜರಿಗಿಡ ಕೊಂದವಳು. ನಾಲ್ಕೂ ದೂರದ ಊರಿನ ನರ್ಸರಿಯವು. ಅಲ್ಲಿ ಹಸಿರು ಪರದೆಯ ಕೆಳಗೆ, ತುಂತುರು ನೀರಿನಲ್ಲಿ, ತೆಂಗಿನ ನಾರಿನ ಪುಡಿಯಲ್ಲಿ ಬೆಳೆದು, ಹೆರಳು ಬಿಚ್ಚಿದ ಹುಡುಗಿಯ ಹಾಗೆ ಕುಂಡದ ಸುತ್ತ ಇಳಿಬಿದ್ದಿದ್ದವು. ರಾತ್ರಿ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದೆ. ನಮ್ಮ ಮೇ ತಿಂಗಳ 42, 43 ಡಿಗ್ರಿಯ ಬಿಸಿಗಾಳಿ ಅವಕ್ಕೆ ಒಂದೇ ವಾರ ಸಾಕಾಯಿತು. ಎಲೆಯ ತುದಿ ಮೊದಲು ಗರಿಗರಿಯಾಯಿತು, ಆಮೇಲೆ ಇಡೀ ಗಿಡ ಹಪ್ಪಳದಂತೆ ಕೈಯಲ್ಲಿ ಪುಡಿಯಾಯಿತು. ನಾಲ್ಕನೆಯದನ್ನು ತಿಪ್ಪೆಗೆ ಹಾಕುವಾಗ ನಮ್ಮವ್ವನ ಬಾವಿ ನೆನಪಾಯಿತು.

ತವರಿನ ಹಿತ್ತಲಲ್ಲಿ ಮೆಟ್ಟಿಲಿನ ಬಾವಿಯೊಂದಿತ್ತು. ಪರ್ಸಿ ಕಲ್ಲಿನಲ್ಲೇ, ಅಂದರೆ ನಮ್ಮ ಸುಣ್ಣಗಲ್ಲಿನ ಚಪ್ಪಡಿಯಲ್ಲೇ, ಕಟ್ಟಿದ್ದು. ಬ್ಯಾಸಿಗೆಯ ಮಧ್ಯಾಹ್ನ ಹತ್ತು ಮೆಟ್ಟಿಲು ಇಳಿದರೆ ಅಂಗಾಲಿಗೆ ಮೊದಲು ತಂಪು ತಾಗುತ್ತಿತ್ತು, ಮೂಗಿಗೆ ಹಸಿ ಸುಣ್ಣದ ವಾಸನೆ ಬರುತ್ತಿತ್ತು. ಬಿಸಿಲು ಎಂದೂ ಮುಟ್ಟದ ಗೋಡೆಯಲ್ಲಿ ನೀರು ಜಿನುಗುವ ಒಂದು ಸಂದಿ. ಆ ಸಂದಿಯಿಂದ ಕರಿಮಣಿ ಪೋಣಿಸುವ ದಾರದಷ್ಟು ತೆಳುವಾದ, ಅಷ್ಟೇ ಕಪ್ಪಾಗಿ ಹೊಳೆಯುವ ಕಡ್ಡಿಗಳು ಇಳಿಬಿದ್ದಿದ್ದವು. ಕಡ್ಡಿಯ ತುಂಬ ಎಳೆ ಕೊತ್ತಂಬರಿಯಂಥ ಪುಟ್ಟ ಬೀಸಣಿಗೆ ಎಲೆ. ಬೊಗಸೆ ನೀರು ಎರಚಿದರೆ ಎಲೆ ತೊಯ್ಯುತ್ತಿರಲಿಲ್ಲ. ಹನಿ ಉರುಳಿ ಬೀಳುತ್ತಿತ್ತು, ಎಲೆ ಒಮ್ಮೆ ತಲೆ ಅಲ್ಲಾಡಿಸಿ ಸುಮ್ಮನಾಗುತ್ತಿತ್ತು. ಆಸೆಯಾಗಿ ಒಂದು ಬುಡ ಕಿತ್ತು ಡಾಲ್ಡಾ ಡಬ್ಬಿಯ ಎರೆಮಣ್ಣಿನಲ್ಲಿ ನೆಟ್ಟೆ. ನಾಲ್ಕನೇ ದಿನಕ್ಕೆ ಸತ್ತಿತು. ಅವ್ವ ಬೈಯಲಿಲ್ಲ. "ಬಾವ್ಯಾನ ಗಿಡ ಬಾವ್ಯಾಗ ಇರಲಿ" ಎಂದಳು, ಅಷ್ಟೇ.

ಆ ಗಿಡಕ್ಕೆ ಅವ್ವನಲ್ಲಿ ಬೇರೆ ಹೆಸರಿರಲಿಲ್ಲ. ಸಸ್ಯಶಾಸ್ತ್ರದವರು ಅಡಿಯಾಂಟಮ್ ಕ್ಯಾಪಿಲಸ್-ವೆನೆರಿಸ್ ಎನ್ನುತ್ತಾರೆ. ಅಡಿಯಾಂಟಮ್ ಎಂದರೆ ಗ್ರೀಕಿನಲ್ಲಿ 'ತೊಯ್ಯದ್ದು'. ನಾನು ಬೊಗಸೆ ನೀರು ಎರಚಿ ಕಂಡದ್ದನ್ನು ಗ್ರೀಕರು ಎರಡು ಸಾವಿರ ವರ್ಷದ ಹಿಂದೆಯೇ ಕಂಡು ಹೆಸರಿಟ್ಟಿದ್ದರು. ಮುಂದಿನದು ಲ್ಯಾಟಿನ್, ವೀನಸ್ ದೇವಿಯ ಕೂದಲು ಎಂದರ್ಥ. ಹಿಂದಿಯಲ್ಲಿ ಹಂಸರಾಜ. ನಮ್ಮ ಕಡೆಯ ಯುನಾನಿ ಹಕೀಮರು ಕೆಮ್ಮು ಕಫಕ್ಕೆ ಕೊಡುವ ಕಷಾಯದಲ್ಲಿ ಪರ್ಸಿಯಾವ್‌ಶಾನ್ ಎಂಬ ಒಣಗಿದ ಕಪ್ಪು ಕಡ್ಡಿ ಇರುತ್ತದಲ್ಲ, ಅದೂ ಇದೇ. ನಮ್ಮ ಪರ್ಸಿಗೂ ಆ ಪರ್ಸಿಯಾವ್‌ಶಾನಿಗೂ ಶಬ್ದದ ನಂಟಿಲ್ಲ. ಮೊದಲನೆಯದು ನೆಲಹಾಸು ಎಂಬ ಅರ್ಥದ ಫರ್ಶ್‌ನಿಂದ ಬಂದದ್ದು, ಎರಡನೆಯದರಲ್ಲಿ ಇರಾನಿನ ಹಳೆಯ ಕಥೆಯ ಸಿಯಾವಶ್ ಎಂಬ ರಾಜಕುಮಾರನ ಹೆಸರಿದೆ. ಆದರೆ ಕಲ್ಲಿಗೂ ಗಿಡಕ್ಕೂ ನಡುವೆ ಇನ್ನೊಂದು ನಂಟಿದೆ, ಸುಣ್ಣದ ನಂಟು. ಈ ಪತ್ರದ ಮೂಲ ಮಾತೇ ಅದು.

ಬಹಳಷ್ಟು ಜರಿಗಿಡಗಳಿಗೆ ಹುಳಿ ಮಣ್ಣು ಬೇಕು, ಮೆದು ನೀರು ಬೇಕು. ಮಲೆನಾಡಿನಲ್ಲಿ ಎರಡೂ ಪುಕ್ಕಟೆ. ನಮ್ಮಲ್ಲಿ ನೆಲವೇ ಸುಣ್ಣ. ಭೀಮಾ, ಕಾಗಿಣಾ ತೀರದ ಈ ಸುಣ್ಣಗಲ್ಲು ಭೂಮಿಯ ಮೇಲೆ ಗಿಡ ಹುಟ್ಟುವುದಕ್ಕೂ ಮೊದಲು ಸಮುದ್ರದ ತಳದಲ್ಲಿ ಕೂತ ಕೆಸರು. ನೀವು ಎಷ್ಟು ಪರ್ಸಿ ಸೀಳಿದರೂ ಪದರದ ನಡುವೆ ಒಂದು ಎಲೆಯ ಅಚ್ಚು ಸಿಗುವುದಿಲ್ಲ. ಆ ಕಲ್ಲನ್ನೇ ಹಾಸಿ ಮಳಖೇಡದ ಕೋಟೆ ಎದ್ದಿತು, ಆ ಕಲ್ಲನ್ನೇ ಸುಟ್ಟು ವಾಡಿ, ಸೇಡಂ ಕಡೆಯ ಸಿಮೆಂಟು ತಯಾರಾಗುತ್ತದೆ, ಆ ಕಲ್ಲಿನ ಮೂಲಕವೇ ಇಳಿದ ನೀರು ನಮ್ಮ ಬೋರಿನಲ್ಲಿ ಬರುತ್ತದೆ. ಬೇಳೆ ಬೇಯದ, ಸಾಬೂನು ನೊರೆಯಾಗದ, ಹಂಡೆಯ ತಳಕ್ಕೆ ಬಿಳಿ ಹಕ್ಕಳೆ ಕಟ್ಟುವ ಗಡಸು ನೀರು. ನರ್ಸರಿಯ ಜರಿಗೆ ಅದು ಒಗ್ಗುವುದಿಲ್ಲ. ಬಾವಿಯ ಜರಿಗೆ ಅದೇ ತಾಯಿಯ ಹಾಲು. ಜಗತ್ತಿನಲ್ಲಿ ಸುಣ್ಣಗಲ್ಲಿನಿಂದ ನೀರು ಜಿನುಗುವ ಬಹಳಷ್ಟು ಕಡೆ ಈ ಗಿಡ ಹುಡುಕಿಕೊಂಡು ಬಂದು ಕೂರುತ್ತದೆ.

ಕೆನಡಾದಂಥ ಹಿಮದ ದೇಶದಲ್ಲೂ ಇದಕ್ಕೆ ಒಂದು ಠಾವಿದೆ. ಫೇರ್‌ಮಾಂಟ್ ಎಂಬಲ್ಲಿ ಬಿಸಿನೀರಿನ ಬುಗ್ಗೆಯ ಸುಣ್ಣದ ಹೆಪ್ಪಿನ ಮೇಲೆ ಇದು ಬದುಕಿಕೊಂಡಿದೆ. ಲೋಕಕ್ಕೆಲ್ಲ ಸಾಮಾನ್ಯವಾದ ಗಿಡ ಆ ದೇಶದಲ್ಲಿ ಅಳಿವಿನಂಚಿನ ಪಟ್ಟಿಯಲ್ಲಿದೆ. ಆ ಒಂದು ಜಿನುಗು ನಿಂತರೆ ಅಲ್ಲಿ ಅದರ ಕಥೆ ಮುಗಿಯಿತು. ನಮ್ಮ ಐದೂರುಗಳಲ್ಲೂ ಲೆಕ್ಕ ಅದೇ. ಅಲ್ಲಿ ಬುಗ್ಗೆ, ಇಲ್ಲಿ ಬಾವಿ.

ಈಗ ಸಾಕುವ ರೀತಿ ಹೇಳುತ್ತೇನೆ. ಇದು ನಾಲ್ಕು ಗಿಡ ಕೊಂದ ಮೇಲೆ ಕಲಿತದ್ದು, ತುಟ್ಟಿಯ ಪಾಠ.

ಮೊದಲು ಕುಂಡ. ಮಣ್ಣಿನದೇ ಆಗಲಿ, ತಳಕ್ಕೆ ತೂತಿರಲಿ, ಒಂದು ಗೇಣಿಗಿಂತ ದೊಡ್ಡದು ಬೇಡ. ಈ ಗಿಡಕ್ಕೆ ಇಕ್ಕಟ್ಟು ಇಷ್ಟ. ಸಂದಿಯಲ್ಲಿ ಹುಟ್ಟಿದ್ದು ತಾನೆ? ತಳಕ್ಕೆ ಒಡೆದ ಹಂಚಿನ ಚೂರು. ಮೇಲೆ ಎರಡು ಪಾಲು ಕೊಳೆತ ಎಲೆಗೊಬ್ಬರ, ಒಂದು ಪಾಲು ದಪ್ಪ ಮರಳು, ಒಂದು ಪಾಲು ಇಟ್ಟಿಗೆ ಚೂರು. ಅದಕ್ಕೆ ಒಂದು ಮುಷ್ಟಿ ಪರ್ಸಿಯ ಸಣ್ಣ ಚಕ್ಕೆ ಸೇರಿಸಿ. ಖಣಿಯ ದಂಡೆಯಲ್ಲಿ ಬೇಕಾದಷ್ಟು ಬಿದ್ದಿರುತ್ತದೆ. ಹಳೆ ಮನೆ ಕೆಡವಿದಲ್ಲಿ ಉದುರಿದ ಸುಣ್ಣದ ಗಾರೆ ಸಿಕ್ಕರೆ ಇನ್ನೂ ಒಳ್ಳೆಯದು. ಹೊಸ ಸುಣ್ಣ ಬೇಡ, ಸಿಮೆಂಟು ಬೇಡವೇ ಬೇಡ, ಅವು ಬೇರು ಸುಡುತ್ತವೆ. ಎರೆಮಣ್ಣು ಒಂದು ಹಿಡಿಯೂ ಬೇಡ. ತೊಗರಿಗೆ ಅದು ಬಂಗಾರ, ನಿಜ. ಆದರೆ ಮಳೆಯಲ್ಲಿ ಉಸಿರು ಕಟ್ಟಿಸುತ್ತದೆ, ಬ್ಯಾಸಿಗೆಯಲ್ಲಿ ಬಿರಿದು ಬೇರು ಹರಿಯುತ್ತದೆ. ನನ್ನ ಡಾಲ್ಡಾ ಡಬ್ಬಿಯ ಗಿಡ ಸತ್ತದ್ದು ಹಾಗೆ.

ಎರಡನೆಯದು ಜಾಗ. ನೆರಳು ಎಂದರೆ ಕತ್ತಲೆಯಲ್ಲ. ಪೇಪರು ಓದುವಷ್ಟು ಬೆಳಕಿರಬೇಕು, ಬಿಸಿಲಿನ ಕೋಲು ಮಾತ್ರ ಬೀಳಬಾರದು. ಬಡಗಣ ದಿಕ್ಕಿನ ಪಡಸಾಲೆ, ಬಚ್ಚಲ ಕಿಟಕಿ, ಬಾವಿಕಟ್ಟೆಯ ಮಗ್ಗುಲು ನಡೆಯುತ್ತದೆ. ಎಲ್ಲಕ್ಕಿಂತ ಒಳ್ಳೆಯ ಜಾಗ ನಿಮ್ಮ ಮನೆಯಲ್ಲೇ ಇದೆ, ಕುಡಿಯುವ ನೀರಿನ ರಂಜಣಗಿಯ ಬುಡ. ರಂಜಣಗಿ ದಿನವಿಡೀ ಬೆವರುತ್ತದೆ, ಕೆಳಗಿನ ಮರಳು ಸದಾ ತಂಪಾಗಿರುತ್ತದೆ. ಆ ಮರಳಿನಲ್ಲಿ ಕುಂಡವನ್ನು ಅರ್ಧ ಹೂಳಿಟ್ಟು ನೋಡಿ. ರಂಜಣಗಿ ಇಲ್ಲದ ಮನೆಯಲ್ಲಿ ದೊಡ್ಡ ಕುಂಡದೊಳಗೆ ಚಿಕ್ಕ ಕುಂಡ ಇಟ್ಟು ನಡುವಿನ ಸಂದಿಗೆ ಮರಳು ತುಂಬಿ ನೀರು ಹನಿಸಿ. ಲಾವಂಚದ ತಟ್ಟಿ ಕಟ್ಟಿ ಕೋಣೆ ತಂಪು ಮಾಡಿದ ಊರಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಕೂಲರಿನ ಎದುರು ಮಾತ್ರ ಇಡಬೇಡಿ. ಕೋಣೆಯ ತೇವ ಇದಕ್ಕೆ ಬೇಕು, ಮುಖಕ್ಕೆ ಬೀಸುವ ಗಾಳಿ ಬೇಡ. ಬಾವಿಯೊಳಗೆ ಗಾಳಿ ಬೀಸುತ್ತಿತ್ತೇನು?

ಮೂರನೆಯದು ನೀರು. ಮಣ್ಣು ಒಣಗಬಾರದು, ಕೆಸರೂ ಆಗಬಾರದು. ಹಿಂಡಿದ ಅರಿವೆಯಷ್ಟು ಹಸಿ ಇದ್ದರೆ ಸಾಕು. ನೀರನ್ನು ಬುಡಕ್ಕೆ ಹಾಕಿ, ನೆತ್ತಿಗೆ ಸುರಿಯಬೇಡಿ. ಗಡಸು ನೀರಿಗೆ ಹೆದರಬೇಡಿ, ಆದರೆ ಗಡಸು ಬೇರೆ, ಸವಳು ಬೇರೆ. ಗಡಸಿನಲ್ಲಿ ಸುಣ್ಣ, ಸವಳಿನಲ್ಲಿ ಉಪ್ಪು. ಸವಳು ನೀರು ಈ ಗಿಡಕ್ಕೂ ವಿಷ. ಫಿಲ್ಟರ್ ಯಂತ್ರ ಹೊರಗೆ ಬಿಡುವ ನೀರು ವ್ಯರ್ಥವಾಗಬಾರದೆಂದು ಕೆಲವರು ಕುಂಡಕ್ಕೆ ಹಾಕುತ್ತೀರಿ. ಅದರಲ್ಲಿ ಉಪ್ಪು ಒಟ್ಟಾಗಿರುತ್ತದೆ, ಅದನ್ನು ನೆಲ ಒರೆಸಲು ಬಳಸಿ. ತಿಂಗಳಿಗೊಮ್ಮೆ ಕುಂಡದ ತಳದಿಂದ ನೀರು ಧಾರಾಳ ಹರಿಯುವಂತೆ ಹಾಕಿದರೆ ಕೂತ ಉಪ್ಪು ತೊಳೆದು ಹೋಗುತ್ತದೆ. ಗೊಬ್ಬರದ ವಿಷಯದಲ್ಲಿ ಕೈ ಬಿಗಿಹಿಡಿಯಿರಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ, ತಿಳಿಸಾರಿನಷ್ಟು ತೆಳ್ಳಗೆ ಎರೆಗೊಬ್ಬರದ ನೀರು ಸಾಕು.

ಒಂದು ದಿನ ಊರಿಗೆ ಹೋಗಿ ಬರುವಷ್ಟರಲ್ಲಿ ಗಿಡ ಪೂರ್ತಿ ಒಣಗಿತು ಅನ್ನಿ. ಅಳಬೇಡಿ, ಎಸೆಯಬೇಡಿ. ಎಲ್ಲ ಕಡ್ಡಿಯನ್ನೂ ಮಣ್ಣಿನ ಮಟ್ಟಕ್ಕೆ ಕತ್ತರಿಸಿ, ಕುಂಡವನ್ನು ನೆರಳಲ್ಲಿಟ್ಟು, ಹಸಿ ಆರದಂತೆ ನೋಡಿಕೊಳ್ಳಿ. ಮಣ್ಣೊಳಗೆ ತೆವಳುವ ಕಾಂಡದಲ್ಲಿ ಜೀವ ಇದ್ದರೆ ಕೆಲವು ವಾರದಲ್ಲಿ ನಶ್ಯದ ಬಣ್ಣದ ಪುಟ್ಟ ಸುರುಳಿಗಳು ತಲೆ ಎತ್ತುತ್ತವೆ. ನಾನು ಕೊಂದ ನಾಲ್ಕರಲ್ಲಿ ಒಂದಾದರೂ ಬದುಕುತ್ತಿತ್ತೋ ಏನೋ, ಅವಸರಪಟ್ಟು ತಿಪ್ಪೆಗೆ ಹಾಕಿದೆ.

ಇನ್ನೊಂದು ಎಚ್ಚರಿಕೆ. ಸೇಡಮ್ಮಿನ ಒಬ್ಬ ತಂಗಿ ಎಲೆಯ ಹಿಂದೆ ಕಂದು ಹುಳು ಹತ್ತಿವೆ ಎಂದು ಬೇವಿನೆಣ್ಣೆ ಹಚ್ಚಿ ಹಚ್ಚಿ ಒರೆಸಿದ್ದಳು. ಅವು ಹುಳುವಲ್ಲ, ಗಿಡದ ವಂಶ. ಎಲೆಯ ಅಂಚು ಸೆರಗಿನಂತೆ ಒಳಕ್ಕೆ ಮಡಿಚಿಕೊಂಡು, ಆ ಮಡಿಕೆಯೊಳಗೆ ಬೀಜಕಣ ಕಟ್ಟಿಟ್ಟುಕೊಂಡಿರುತ್ತದೆ. ನಿಜವಾದ ಕೀಟ ಎಲೆಯ ಮೇಲೆ, ಕಡ್ಡಿಯ ಮೇಲೆ ಎಲ್ಲೆಂದರಲ್ಲಿ ಅಂಟಿರುತ್ತದೆ. ಬೀಜಕಣದ ಮಡಿಕೆ ಅಂಚಿನಲ್ಲಿ ಮಾತ್ರ, ಸಾಲಾಗಿ, ಅಳೆದಿಟ್ಟಂತೆ ಇರುತ್ತದೆ.

ಈಗ ಮುಖ್ಯ ಪ್ರಶ್ನೆ, ಗಿಡ ತರುವುದೆಲ್ಲಿಂದ? ಇಲ್ಲೇ ನಾನು ನಿಮಗೆ ಕೈ ಮುಗಿಯುವುದು. ಬಾವಿಯಿಂದ ಕೀಳಬೇಡಿ. ಚಿಂಚೋಳಿಯ ಕಾಡಿನಿಂದಂತೂ ಏನನ್ನೂ ತರಬೇಡಿ. ಸುಮಾರು 135 ಚದರ ಕಿಲೋಮೀಟರಿನ ಆ ಕಾಡು 2011ರಲ್ಲಿ ವನ್ಯಜೀವಿಧಾಮವಾಯಿತು. ಅಲ್ಲಿ ಒಂದು ಎಲೆ ಕೀಳುವುದೂ 1972ರ ಕಾಯ್ದೆಯ ಪ್ರಕಾರ ಅಪರಾಧ. ಕಾನೂನು ಬಿಡಿ, ತಂದರೂ ಬದುಕುವುದಿಲ್ಲ. ಚಿಂಚೋಳಿಯ ಎತ್ತರದ ನೆಲ ಕೆಂಪು ಜಂಬಿಟ್ಟಿಗೆ, ಶಹಾಬಾದಿನದು ಸುಣ್ಣ. ನಡುವೆ ಇರುವುದು ಬಸ್ಸಿನ ದಾರಿ, ಆದರೆ ಗಿಡದ ಬೇರಿಗೆ ಅದು ಬೇರೆ ದೇಶ.

ದಖ್ಖನ್ನಿನ ಹಳ್ಳದ ಅಂಚಿನಲ್ಲಿ ಮಳೆ ಬಿದ್ದಾಗ ಹಂಸದ ಪಾದದಂಥ ಎಲೆ ಬಿಡುವ ಹಂಸಪಾದಿ ಎಂಬ ಬಾವಿ ಜರಿಯ ತಂಗಿ ಏಳುತ್ತಾಳೆ, ಬ್ಯಾಸಿಗೆಗೆ ನೆಲದೊಳಗೆ ಮಲಗುತ್ತಾಳೆ. ಬಂಡೆಯ ಬಿರುಕಿನ ಮಯೂರಶಿಖೆ ಒಣಗಿ ಮುದುಡಿ ಸತ್ತಂತೆ ಇದ್ದು, ಮೊದಲ ಮಳೆಗೆ ಗರಿ ಬಿಚ್ಚುತ್ತದೆ. ಅವನ್ನು ಅವುಗಳ ಜಾಗದಲ್ಲೇ ನೋಡಿ, ಅಲ್ಲೇ ಬಿಟ್ಟು ಬನ್ನಿ.

ಕಿತ್ತು ತರುವ ಹುಚ್ಚು ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಉದಾಹರಣೆ ಇದೆ. ಲಂಡನ್ನಿನಲ್ಲಿ ನಥಾನಿಯಲ್ ವಾರ್ಡ್ ಎಂಬ ವೈದ್ಯನಿದ್ದ. ಹಿತ್ತಲಲ್ಲಿ ಜರಿ ಬೆಳೆಸುವ ಆಸೆ, ಆದರೆ ಕಲ್ಲಿದ್ದಲಿನ ಹೊಗೆಗೆ ಒಂದೂ ಉಳಿಯುತ್ತಿರಲಿಲ್ಲ. ವಾಡಿಯವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ. 1829ರ ಸುಮಾರಿಗೆ ಅವನು ಪತಂಗದ ಗೂಡೊಂದನ್ನು ಹಸಿ ಮಣ್ಣಿನ ಸಮೇತ ಮುಚ್ಚಿದ ಸೀಸೆಯಲ್ಲಿಟ್ಟ. ಆ ಮಣ್ಣಿನಲ್ಲಿ ತಾನಾಗಿ ಒಂದು ಜರಿ ಮೊಳೆಯಿತು. ಸೀಸೆಯ ತೇವ ಹಗಲು ಮೇಲೇರಿ ಗಾಜಿಗೆ ಹನಿಗಟ್ಟಿ, ಮತ್ತೆ ಇಳಿದು ಮಣ್ಣು ಸೇರುತ್ತಿತ್ತು. ಹೊಗೆ ಒಳಗೆ ಬರಲಿಲ್ಲ, ತೇವ ಹೊರಗೆ ಹೋಗಲಿಲ್ಲ. ಆ ಜರಿ ನಾಲ್ಕು ವರ್ಷದ ಹತ್ತಿರ ಬದುಕಿತು. ಅದರಿಂದ ಹುಟ್ಟಿದ ಗಾಜಿನ ಪೆಟ್ಟಿಗೆ ಮನೆಮನೆಗೆ ಬಂತು, ಜೊತೆಗೆ ಜರಿಯ ಹುಚ್ಚೂ ಬಂತು. 1855ರಲ್ಲಿ ಚಾರ್ಲ್ಸ್ ಕಿಂಗ್ಸ್ಲಿ ಎಂಬ ಲೇಖಕ ಅದಕ್ಕೊಂದು ರೋಗದ ಹೆಸರನ್ನೇ ಇಟ್ಟ, ಟೆರಿಡೋಮೇನಿಯಾ. ಜನ ಬುಟ್ಟಿಗಟ್ಟಲೆ ಕಿತ್ತು ತಂದರು. ಕಿಲಾರ್ನಿ ಜರಿ ಎಂಬ ಅಪರೂಪದ ಗಿಡ ಅನೇಕ ಕಡೆ ನಿರ್ನಾಮವೇ ಆಯಿತು. ಪ್ರೀತಿಯೇ ಅದಕ್ಕೆ ಕುಡುಗೋಲಾಯಿತು.

ವಾರ್ಡನ ಸೀಸೆಯನ್ನು ನಾವು ತೆಗೆದುಕೊಳ್ಳೋಣ, ಬುಟ್ಟಿಯನ್ನು ಅಲ್ಲೇ ಬಿಡೋಣ. ಬಾವಿಗೆ ಹೋಗಿ, ಅಂಚು ಕಂದಿದ ಎಲೆಯ ಒಂದೇ ಒಂದು ತುದಿ ಚಿವುಟಿ. ಗಿಡಕ್ಕೆ ಅದರಿಂದ ಏನೂ ಕೊರತೆಯಿಲ್ಲ. ಮದುವೆ ಮುಯ್ಯಿ ಹಾಕುವ ಕಾಗದದ ಲಕೋಟೆಯಲ್ಲಿಟ್ಟು ಎರಡು ಮೂರು ದಿನ ಬಿಡಿ. ತಳದಲ್ಲಿ ನಶ್ಯಪುಡಿಯಂಥ ಕಂದು ಧೂಳು ಉದುರಿರುತ್ತದೆ. ಬರಿಗಣ್ಣಿಗೆ ಧೂಳು, ಆದರೆ ಸಾವಿರಾರು ಬೀಜಕಣ. ಹಳೆ ಇಟ್ಟಿಗೆಯ ತುಂಡೊಂದನ್ನು ಕುದಿಯುವ ನೀರಿನಲ್ಲಿ ಚೆನ್ನಾಗಿ ಬೇಯಿಸಿ ಆರಿಸಿ. ಬೇಯಿಸದಿದ್ದರೆ ಪಾಚಿ, ಬೂಸು ಗೆಲ್ಲುತ್ತವೆ. ತಟ್ಟೆಯಲ್ಲಿ ಅರ್ಧ ಬೆರಳು ಕುದಿಸಿ ಆರಿಸಿದ ನೀರು ಹಾಕಿ ಇಟ್ಟಿಗೆ ಇಡಿ. ಅದರ ಮೇಲೆ ಧೂಳನ್ನು ಚಿಟಿಕೆಯಲ್ಲಿ ಉದುರಿಸಿ, ಉಪ್ಪಿನಕಾಯಿಯ ಖಾಲಿ ಗಾಜಿನ ಭರಣಿ ಬೋರಲು ಹಾಕಿ ನೆರಳಿನ ಬೆಳಕಿನಲ್ಲಿಡಿ. ತಟ್ಟೆಯ ನೀರು ಆರಗೊಡಬೇಡಿ. ಆಮೇಲೆ ಮರೆತುಬಿಡಿ, ಮರೆಯುವುದೇ ಕಷ್ಟ.

ಕೆಲವು ವಾರಕ್ಕೆ ಇಟ್ಟಿಗೆ ಹಸಿರಾಗುತ್ತದೆ. ಕಣ್ಣು ಹತ್ತಿರ ಹಿಡಿದರೆ ಎಳ್ಳಿಗಿಂತ ಸ್ವಲ್ಪ ದೊಡ್ಡ ಹಸಿರು ತೊಗಲುಗಳು, ಒಂದೊಂದೂ ಹೃದಯದ ಆಕಾರ. ಇದು ಇನ್ನೂ ಜರಿಯಲ್ಲ, ಜರಿಯ ತಾಯಿ ಎನ್ನಿ. ಇದರ ತಳದಲ್ಲಿ ಗಂಡು ಕಣ ಈಜಿಕೊಂಡು ಹೆಣ್ಣು ಕಣವನ್ನು ಸೇರಬೇಕು. ಹೌದು, ಈಜಿಕೊಂಡೇ. ದುಂಬಿ ಬೇಡ, ಗಾಳಿ ಬೇಡ, ಒಂದು ತೆಳುವಾದ ನೀರಿನ ಪೊರೆ ಬೇಕು. ಅದಿಲ್ಲದಿದ್ದರೆ ಎಷ್ಟು ಹೃದಯವಿದ್ದರೂ ಮದುವೆಯಿಲ್ಲ. ಈ ಹೊತ್ತಿನಲ್ಲಿ ಆಗಾಗ ಭರಣಿ ಎತ್ತಿ ಕುದಿಸಿ ಆರಿಸಿದ ನೀರನ್ನು ಸಣ್ಣಗೆ ಸಿಂಪಡಿಸಿ. ಮೂರರಿಂದ ಆರು ತಿಂಗಳಲ್ಲಿ ಒಂದೊಂದು ಹೃದಯದಿಂದ ಕೂದಲೆಳೆಯಂಥ ಕಡ್ಡಿ, ತುದಿಗೊಂದು ಪುಟ್ಟ ಬೀಸಣಿಗೆ. ಮೊದಲ ಸಲ ಕಂಡಾಗ ನಾನು ನೆರೆಮನೆಯವರನ್ನೆಲ್ಲ ಕರೆದು ತೋರಿಸಿದ್ದೆ. "ಇಷ್ಟಕ್ಕೇನಾ ಕರೆದ್ರಿ?" ಎಂದು ಒಬ್ಬರು ಕೇಳಿದರು. ಇಷ್ಟಕ್ಕೇ ಕರೆದದ್ದು.

ನೀವು ಇನ್ನೊಂದು ಧೂಳಿನ ಬಗ್ಗೆಯೂ ಕೇಳುತ್ತೀರಿ ಎಂದು ಬಲ್ಲೆ. ಸಿಮೆಂಟಿನ ಧೂಳು, ಖಣಿಯ ಧೂಳು, ಪರ್ಸಿ ತುಂಬಿದ ಲಾರಿ ಎಬ್ಬಿಸುವ ಧೂಳು. ಸಿಮೆಂಟಿನ ಧೂಳು ಎಲೆಯ ಮೇಲೆ ಕೂತು ಇಬ್ಬನಿ ಬಿದ್ದರೆ ಹಕ್ಕಳೆಗಟ್ಟುತ್ತದೆ, ಎಲೆಯ ಉಸಿರಿನ ಕಂಡಿ ಮುಚ್ಚುತ್ತದೆ. ಈ ಎಲೆ ಎಷ್ಟು ಮೃದುವೆಂದರೆ ಒರೆಸಲು ಬರುವುದಿಲ್ಲ, ಹರಿದೇ ಹೋಗುತ್ತದೆ. ಅದಕ್ಕೇ ವಾಡಿಯವರು ವಾರ್ಡನನ್ನೇ ಅನುಸರಿಸಿ. ಮೀನು ಸತ್ತು ಮೂಲೆ ಸೇರಿದ ಗಾಜಿನ ತೊಟ್ಟಿ ಇದ್ದರೆ ಅದರಲ್ಲಿ ಕುಂಡ ಇಟ್ಟು ಮೇಲೊಂದು ಗಾಜು ಮುಚ್ಚಿ, ದಿನಕ್ಕೊಮ್ಮೆ ಸ್ವಲ್ಪ ಸರಿಸಿ. ತೊಟ್ಟಿಯ ಮೇಲೆ ಬಿಸಿಲು ಬೀಳದಿರಲಿ, ಬಿದ್ದರೆ ಗಿಡ ಒಳಗೇ ಬೇಯುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಉಳಿಯಿತು. ಬೀಜಕಣ ಚಿವುಟಲು ಬಾವಿಯಾದರೂ ಇರಬೇಕಲ್ಲ? ನಳ ಬಂತು, ಬೋರು ಬಂತು, ಬಾವಿ ತಿಪ್ಪೆಯಾಯಿತು. ನನ್ನ ತವರಿನ ಬಾವಿಯನ್ನು ಮನೆ ಪಾಲಾದಾಗ ಮುಚ್ಚಿದರು. ಕಲ್ಲುಮಣ್ಣು ತುಂಬಿದ ಎರಡು ಟ್ರ್ಯಾಕ್ಟರು ಸುರಿದದ್ದನ್ನು ನಾನೇ ನಿಂತು ನೋಡಿದೆ. ಆಗ ನನಗೆ ಗಿಡದ ನೆನಪೂ ಆಗಲಿಲ್ಲ, ಜಾಗ ಸಮತಟ್ಟಾಯಿತು ಎಂಬ ಸಮಾಧಾನ ಆಯಿತು. ಇದನ್ನು ಬೇರೆ ಯಾರ ಮೇಲೂ ಹಾಕಲಾರೆ. ಈಗ ನನ್ನ ಮನೆಯಲ್ಲಿರುವ ಗಿಡದ ಬೀಜಕಣ ಬೇರೊಂದು ಊರಿನ ಬಾವಿಯದು. ಆ ಬಾವಿಯವರು ಇನ್ನೂ ವರ್ಷಕ್ಕೊಮ್ಮೆ ಹೂಳು ತೆಗೆಯುತ್ತಾರೆ, ಗೋಡೆಯ ಸಂದಿಗೆ ಸಿಮೆಂಟು ಮೆತ್ತಿಲ್ಲ, ದಂಡೆಯ ಬೇವಿನಮರ ಕಡಿದಿಲ್ಲ. ಅವರು ಗಿಡಕ್ಕಾಗಿ ಏನೂ ಮಾಡಲಿಲ್ಲ, ಬಾವಿಯನ್ನು ಬಾವಿಯಾಗಿ ಇಟ್ಟರು. ಗಿಡ ತಾನಾಗಿ ಇದೆ.

ಅವ್ವ ಹೇಳಿದ್ದರ ಅರ್ಥ ಗಿಡವನ್ನು ಅದರ ಪಾಡಿಗೆ ಬಿಡು ಎಂದಷ್ಟೇ ಎಂದುಕೊಂಡಿದ್ದೆ. ಗಿಡ ಬಾವಿಯಲ್ಲಿ ಇರಬೇಕಾದರೆ ಬಾವಿ ಇರಬೇಕು ಎಂಬುದು ಆ ಮಾತಿನೊಳಗೇ ಇತ್ತು.

ಆದ್ದರಿಂದ ನನ್ನ ಬೇಡಿಕೆ ಚಿಕ್ಕದು. ನಿಮ್ಮ ಓಣಿಯಲ್ಲಿ, ಹೊಲದಲ್ಲಿ, ಗುಡಿಯ ಹಿಂದೆ ಹಾಳುಬಿದ್ದ ಬಾವಿ ಇದ್ದರೆ ಒಮ್ಮೆ ಹೋಗಿ ದಂಡೆಯ ಮೇಲೆ ನಿಂತೇ ಒಳಗೆ ಬಗ್ಗಿ ನೋಡಿ. ಒಬ್ಬರೇ ಇಳಿಯುವ ಸಾಹಸ ಬೇಡ. ಬಿಸಿಲು ಮುಟ್ಟದ ಮಗ್ಗುಲಲ್ಲಿ ಕಪ್ಪು ಕಡ್ಡಿಯ ಹಸಿರು ಕಂಡರೆ ಆ ಬಾವಿಯಲ್ಲಿ ಇನ್ನೂ ಜಿನುಗು ಇದೆ ಎಂದು ತಿಳಿಯಿರಿ. ಅದಕ್ಕೆ ಕಸ ಸುರಿಯುವವರಿಗೆ ಇದನ್ನು ತೋರಿಸಿ. ಮಾಸ್ತರರೇ, ಇಟ್ಟಿಗೆ ಮತ್ತು ಭರಣಿಯ ಪ್ರಯೋಗ ಶಾಲೆಯ ಕಿಟಕಿಯಲ್ಲಿ ಆಗುತ್ತದೆ, ಒಂದು ಪೈಸೆ ಖರ್ಚಿಲ್ಲ. ಜೂನಿನಲ್ಲಿ ಬಿತ್ತಿದರೆ ದೀಪಾವಳಿಯ ಹೊತ್ತಿಗೆ ಮಕ್ಕಳಿಗೆ ತೋರಿಸಲು ಏನಾದರೂ ಇರುತ್ತದೆ.

ನಾಗರ ಪಂಚಮಿಗೆ ನಮ್ಮಲ್ಲಿ ಉಂಡಿ ಹಂಚುತ್ತೇವೆ. ಈ ಸಲದ ಪಂಚಮಿಗೆ ನನ್ನ ಮನೆಯಲ್ಲಿ ಉಂಡಿಯ ಡಬ್ಬಿಯ ಪಕ್ಕದಲ್ಲಿ ಕಾಗದದ ಲಕೋಟೆಗಳೂ ಇರುತ್ತವೆ, ಒಂದೊಂದರಲ್ಲಿ ಒಂದು ಚಿಟಿಕೆ ಕಂದು ಧೂಳು. ಐದೂರಿನ ಯಾರು ಬಂದರೂ ಕೊಡುತ್ತೇನೆ. ಬರುವಾಗ ಲಕೋಟೆಯ ಬದಲಿಗೆ ಒಂದು ಸುದ್ದಿ ತನ್ನಿ: ನಿಮ್ಮ ಊರಿನಲ್ಲಿ ಇನ್ನೂ ನೀರಿರುವ ಒಂದು ಬಾವಿ ಎಲ್ಲಿದೆ ಎಂದು.

ನಿಮ್ಮವಳೇ ಆದ,
ಶಹಾಬಾದಿನ ಒಬ್ಬ ಕುಂಡದ ತೋಟದವಳು